ಕಳೆಯಬೇಕಾದ ಕಾಲು ಅಂಕ

27 ಅಕ್ಟೋಬರ್ 2025, ಸೋಮವಾರ

ಕಾರ್ತಿಕದ ಮೊದಲ ಸೋಮವಾರ. ಒಪ್ಪತ್ತು. ಐದಕ್ಕೆ ಎದ್ದೆ. ಕೊಟ್ಟಿಗೆ ಬಾಚಿದ್ದು, ಬಾಗಿಲಿಗೆ ನೀರು ಹಾಕಿದ್ದು, ಲಿಂಗಪೂಜೆ, ಡೇರಿಗೆ ಹಾಲು... ಏಳರೊಳಗೆ ಮುಗಿಯಿತು. ಫ್ಯಾಟ್ 3.8. ಕೆಂದ ಹಸುವಿಗೆ ಸೂಜಿ ಹಾಕಿಸಿ ಹತ್ತೊಂಬತ್ತು ದಿನ. ಗಬ್ಬ ನಿಂತಿದೆಯೋ ಇಲ್ಲವೋ, ಇನ್ನೆರಡು ದಿನ ನೋಡಬೇಕು.

ಮಗಳು ಅರ್ಪಿತ ಎಂಟೂ ಕಾಲಿನ ಬಸ್ಸಿಗೆ ನಂಜನಗೂಡಿಗೆ ಹೋದಳು, ಕಾಲೇಜಿಗೆ. ಸೆಕೆಂಡ್ ಪಿಯುಸಿ. ಇವರು ಬೂಸಾ ಅಂಗಡಿ ತೆಗೆಯಲು ಹೋದರು. ಈಗ ಮನೆಯಲ್ಲಿ ನಾನೊಬ್ಬಳೇ.

ನಿನ್ನೆ ಮಗಳು ಮೊದಲನೇ ಮಾಕ್ ಟೆಸ್ಟ್ ಬರೆದಳು. ಕ್ಲಾಟ್ ಅಂತ ಪರೀಕ್ಷೆಯ ಹೆಸರು. ಅದರಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ದೊಡ್ಡ ಲಾ ಕಾಲೇಜಿನಲ್ಲಿ ಐದು ವರ್ಷ ಓದಿ ವಕೀಲಳಾಗಬಹುದು. ಡಿಸೆಂಬರ್ ಏಳು, ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು, ಮೈಸೂರಿನಲ್ಲಿ. ಅದಕ್ಕೇ ಇಲ್ಲೂ ಭಾನುವಾರವೇ, ಎರಡರಿಂದ ನಾಲ್ಕೇ. ಒಳಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಾಳೆ. ಗಡಿಯಾರ ನೋಡುವವಳು ನಾನು. ತಿದ್ದುವವಳೂ ನಾನೇ. ಏಳನೇ ಕ್ಲಾಸು ಓದಿದವಳು!

ಅವಳೇ ಹೇಳಿದ್ದು. "ನಾನೇ ತಿದ್ಕೊಂಡ್ರೆ ನಂಗೇ ರಿಯಾಯ್ತಿ ಕೊಟ್ಕೋತೀನಿ ಕಣವ್ವ. ನೀನು ತಿದ್ದು. ನೀನಾದ್ರೆ ಇದ್ದಿದ್ದು ಇದ್ದಂಗೆ ಹೇಳ್ತೀಯ."

"ಇಂಗ್ಲೀಷು ನಂಗೆ ಎಲ್ಲವ್ವ ಬತ್ತದೆ?"

"ಎ ಬಿ ಸಿ ಡಿ ಗೊತ್ತಲ್ಲ. ಅಷ್ಟೇ ಸಾಕು."

ಪ್ರಶ್ನೆಪತ್ರಿಕೆ, ಓಎಂಆರ್ ಹಾಳೆ, ಕೀ ಆನ್ಸರ್ ಎಲ್ಲ ನರಸೀಪುರದಿಂದ ನನ್ನ ತಮ್ಮ ಅಮೃತೇಶ್ ಕಳಿಸುತ್ತಾನೆ. ಕೋರ್ಟ್ ಎದುರು ಅವನದು ಜೆರಾಕ್ಸ್ ಅಂಗಡಿ. ಅಂಗಡಿಗೆ ಬೂಸಾ ಮೂಟೆ ತರುವ ಶಿವರಾಜುವಿನ ಲಗೇಜ್ ಆಟೋದಲ್ಲಿ ಕವರ್ ಬರುತ್ತದೆ. ಕೀ ಆನ್ಸರ್ ದೇವರ ಗೂಡಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ತಿದ್ದಲು ನಾನೇ ಒಂದು ದಾರಿ ಮಾಡಿಕೊಂಡೆ. ಹಳೆಯ ಕ್ಯಾಲೆಂಡರಿನ ರಟ್ಟು ತೆಗೆದುಕೊಂಡು, ಸರಿ ಉತ್ತರ ಎಲ್ಲಿದೆಯೋ ಅಲ್ಲಿಗೆ ಗೋಣಿ ಹೊಲಿಯುವ ದಬ್ಬಳದಿಂದ ತೂತು. ನೂರಿಪ್ಪತ್ತು ಪ್ರಶ್ನೆ, ನೂರಿಪ್ಪತ್ತು ತೂತು. ರಟ್ಟನ್ನು ಅವಳ ಹಾಳೆಯ ಮೇಲಿಟ್ಟರೆ ಮುಗಿಯಿತು. ತೂತಿನಲ್ಲಿ ಕಪ್ಪು ಕಂಡರೆ ಸರಿ. ಬಿಳಿ ಕಂಡರೆ ತಪ್ಪು, ಇಲ್ಲವೇ ಬಿಟ್ಟದ್ದು.

ಸರಿಯಾದದ್ದಕ್ಕೆ ಒಂದು ಅಂಕ. ಬಿಟ್ಟದ್ದಕ್ಕೆ ಸೊನ್ನೆ. ತಪ್ಪಾದರೆ ಬಂದದ್ದರಲ್ಲಿ ಕಾಲು ಅಂಕ ಕಳೆಯಬೇಕು. ನಿನ್ನೆ ಸರಿ ಐವತ್ತೆಂಟು, ತಪ್ಪು ಇಪ್ಪತ್ತೊಂದು, ಬಿಟ್ಟದ್ದು ನಲವತ್ತೊಂದು. ಹಾಲು ಕರೆದು ಬಂದು ಕೂತದ್ದರಿಂದ ಎಣಿಸಿ ಮುಗಿಸುವಾಗ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಕಳೆಯಬಾರದು. ಉಪ್ಪು, ಸೂಜಿ, ಮೊಸರು ಯಾವುದನ್ನೂ ಕೊಡುವುದಿಲ್ಲ. ಅತ್ತೆಯವರ ಕಾಲದಿಂದ ನಡೆದುಕೊಂಡು ಬಂದದ್ದು. ಮಗಳ ಅಂಕವನ್ನು ಕಳೆಯಲು ಕೈ ಬರಲಿಲ್ಲ. ಬೆಳಿಗ್ಗೆ ಕಳೆದರಾಯಿತು ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳಿದಳು. "ಎಷ್ಟವ್ವ?"

"ಐವತ್ತೆಂಟು."

ಎಲ್ಲ ಕಳೆದೇ ಹೇಳಿದ್ದು ಅಂದುಕೊಂಡಳು. ಮುಖ ಅರಳಿತು. ಇಂಗ್ಲೀಷು ನಿಧಾನ ಅವಳಿಗೆ. ಓದಿದ್ದನ್ನು ಒಳಗೇ ಕನ್ನಡ ಮಾಡಿಕೊಂಡು ಆಮೇಲೆ ಯೋಚಿಸುತ್ತಾಳೆ. ಐವತ್ತು ದಾಟುವುದಿಲ್ಲ ಅಂತ ಹೆದರಿದ್ದಳಂತೆ.

ಬೆಳಿಗ್ಗೆ ಡೇರಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಐವತ್ತೆರಡೂ ಮುಕ್ಕಾಲು. ಅಷ್ಟರಲ್ಲಿ ಬಸ್ಸಿಗೆ ಓಡಿದ್ದಳು. ಸಂಜೆ ಹೇಳಬೇಕು.

ರಾತ್ರಿ — ಕಾಲೇಜಿಂದ ಬರುತ್ತಲೇ ಮಾವನಿಗೆ ಫೋನ್ ಮಾಡಿ ಐವತ್ತೆಂಟು ಅಂತ ಹೇಳಿಬಿಟ್ಟಳು. ನಾನು ನಿಜ ಹೇಳಲಿಲ್ಲ. ಮುಂದಿನ ವಾರ ಸರಿಮಾಡಿದರಾಯಿತು. ಐದು ಅಂಕ ತಾನೆ.


30 ಅಕ್ಟೋಬರ್, ಗುರುವಾರ

ಹಸು ಮತ್ತೆ ಬೆದೆಗೆ ಬರಲಿಲ್ಲ. ನಿಂತ ಹಾಗೇ ಕಾಣುತ್ತದೆ. ಪಕ್ಕದ ಮನೆಯ ಪುಟ್ಟಗೌರಮ್ಮ ದೀಪದ ಹೊತ್ತಿನಲ್ಲಿ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಬೆಳಿಗ್ಗೆ ಬಾ ಅಂದೆ. "ಈಗ್ಲೂವೆ ಅದೆಲ್ಲ ನೋಡ್ತೀರಾ ರುದ್ರಾಣಕ್ಕ?" ಅಂದಳು. ನೋಡುತ್ತೇನೆ ಅಂದೆ.

ಅರ್ಪಿತ ಎರಡು ಮುದ್ದೆ ಉಂಡಳು. ಓದುವಾಗ ಹಾಡಿಕೊಳ್ಳುತ್ತಾಳೆ. ಒಂದು ತಿಂಗಳಿಂದ ಹಾಡಿರಲಿಲ್ಲ.


2 ನವೆಂಬರ್, ಭಾನುವಾರ

ಎರಡನೇ ಪೇಪರು. ಸರಿ 62, ತಪ್ಪು 34, ಬಿಟ್ಟದ್ದು 24. ಕಳೆದರೆ ಐವತ್ತಮೂರೂವರೆ.

ಇವತ್ತು ಬೇಗ ಎಣಿಸಿ ಮುಗಿಸಿದೆ. ಐದೂ ಮುಕ್ಕಾಲು. ಹೊರಗೆ ಇನ್ನೂ ಬೆಳಕಿತ್ತು. ಕಳೆಯಲು ಹೊತ್ತಿತ್ತು. ಎದ್ದು ಹೋಗಿ ದೀಪ ಹಚ್ಚಿದೆ.

ಯಾಕೆ ಹಚ್ಚಿದೆ ಅಂತ ನನಗೆ ಗೊತ್ತು. ಬರೆದಿಟ್ಟಿದ್ದೇನೆ, ಅಷ್ಟೇ.

ಅರವತ್ತೆರಡು ಅಂದೆ. ಎಗರಿ ಬಂದು ಕುತ್ತಿಗೆಗೆ ಜೋತುಬಿದ್ದಳು. ತಪ್ಪಾದ ಪ್ರಶ್ನೆಗಳಿಗೆ ನಾನು ಸುತ್ತು ಹಾಕಿ ಕೊಟ್ಟರೆ ಒಂದೊಂದಾಗಿ ಕೂತು ನೋಡುತ್ತಾಳೆ. ಎಷ್ಟು ಸುತ್ತು ಅಂತ ಎಣಿಸುವುದಿಲ್ಲ. ಎಣಿಸುವುದು ನನ್ನ ಕೆಲಸ ಅಂತ ಬಿಟ್ಟಿದ್ದಾಳೆ.


3 ನವೆಂಬರ್, ಸೋಮವಾರ

ಎರಡನೇ ಸೋಮವಾರ. ಒಪ್ಪತ್ತು. ನಂಜನಗೂಡಿಗೆ ಹೋಗಿದ್ದೆ. ಕಪಿಲೆಯಲ್ಲಿ ನೀರು ತಣ್ಣಗಿತ್ತು. ದೇವಸ್ಥಾನದ ಸಾಲಿನಲ್ಲಿ ಎರಡು ಗಂಟೆ. ಎದುರಿಗೆ ನಿಂತಾಗ ಏನು ಕೇಳಬೇಕು ಅಂತ ತೋಚಲಿಲ್ಲ. ನಾನು ಹೇಳಿದ ಅಂಕಿಯನ್ನು ನಿಜ ಮಾಡು ಅಂತಲೇ? ಹಾಗೆ ಕೇಳಬಾರದು. ವಿಭೂತಿ ತೆಗೆದುಕೊಂಡು ಬಂದೆ.


9 ನವೆಂಬರ್, ಭಾನುವಾರ

ಮೂರನೇ ಪೇಪರು. ಒಂದನ್ನೂ ಬಿಟ್ಟಿಲ್ಲ. ಸರಿ 66, ತಪ್ಪು 54. ಕಳೆಯಬೇಕಾದ್ದು ಹದಿಮೂರೂವರೆ. ಉಳಿಯುವುದು ಐವತ್ತೆರಡೂವರೆ.

ಮೂರು ಸಲ ಎಣಿಸಿದೆ. ಮೊದಲನೇ ವಾರಕ್ಕಿಂತ ಕಾಲು ಅಂಕ ಕಡಿಮೆ.

ಹೊರಗೆ ಬಂದು ಕೈ ಕೊಡವಿಕೊಂಡು, "ಇವತ್ತು ನೂರಿಪ್ಪತ್ತೂ ಮುಗಿಸ್ದೆ ಕಣವ್ವ!" ಅಂದಳು. "ಸುಮ್ನೆ ಬಿಡ್ತಿದ್ನಲ್ಲ, ಎಂಥಾ ದಡ್ಡಿ ನಾನು. ಬೇಗ ಬೇಗ ಹೊಡೀತಾ ಹೋದ್ರೆ ಮಾರ್ಕ್ಸ್ ಏರ್ತಾನೇ ಹೋಗ್ತದೆ. ನೆಗೆಟಿವ್ ಮಾರ್ಕ್ಸಿಗೆ ಜನ ಯಾಕ್ ಅಷ್ಟ್ ಹೆದರ್ತಾರೋ?"

ಇದು ನಾನು ಕಲಿಸಿದ್ದು. ನನ್ನ ಸುಳ್ಳು ಅಂಕಿ ನೋಡಿ ಹೀಗೆ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಈಗ ಹೇಳಿಬಿಡಬೇಕು ಅಂತಲೇ ಬಾಯಿ ತೆಗೆದೆ. ಬಾಯಿಂದ ಬಂದದ್ದು ಅರವತ್ತಾರು.


12 ನವೆಂಬರ್, ಬುಧವಾರ

ಅಮೃತೇಶ್ ಫೋನ್ ಮಾಡಿದ್ದ. ಅವನ ಅಂಗಡಿಯ ಮಹಡಿಯಲ್ಲೇ ಗೋವಿಂದಯ್ಯ ವಕೀಲರ ಆಫೀಸು. ಅರ್ಪಿತ ಲಾ ಓದಬೇಕು ಅಂತ ಮೊದಲು ಹೇಳಿದವರು ಅವರೇ. ಹೋದ ವರ್ಷ ರಜೆಯಲ್ಲಿ ಮಾವನ ಅಂಗಡಿಯಲ್ಲಿ ಒಂದು ಪಾಲುಪತ್ರ ಜೆರಾಕ್ಸ್ ಮಾಡುತ್ತಾ, ಜಮೀನಿನ ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದೆ ಅಂತ ಇವಳು ತೋರಿಸಿದ್ದಳು. ಟೈಪ್ ಮಾಡಿದವರಿಗೂ ಕಂಡಿರಲಿಲ್ಲ, ವಕೀಲರಿಗೂ ಕಂಡಿರಲಿಲ್ಲ.

ಅವರ ಜೂನಿಯರ್ ದಿವ್ಯ ಅಂತ ಹುಡುಗಿ, ಈ ಪರೀಕ್ಷೆ ಬರೆದೇ ಲಾ ಓದಿದವಳು. ಕೋರ್ಟ್ ಮುಗಿದ ಮೇಲೆ ಸಂಜೆ ಎರಡು ಗಂಟೆ ಒಬ್ಬ ವಿದ್ಯಾರ್ಥಿಗೆ ಹೇಳಿಕೊಡುತ್ತೇನೆ ಅಂದಳಂತೆ, ಪರೀಕ್ಷೆಯವರೆಗೆ.

"ವಕೀಲರು ನಮ್ ಅರ್ಪಿತನ್ ಕಳ್ಸು ಅಂದ್ರಕ್ಕ. ನಾನೇ ಬ್ಯಾಡ ಅಂದೆ."

"ಯಾಕ್ಲಾ ಬ್ಯಾಡ ಅಂದೆ?"

"ಅವಳು ಅರವತ್ತಾರು ತಗೀತಾವ್ಳೆ ಸಾ, ವಾರ್ ವಾರಕ್ಕೂ ಏರ್ತಾವ್ಳೆ, ಅವಳಿಗ್ಯಾತಕ್ಕೆ ಅಂದೆ. ಅವರೂ ಹೌದು ಕಣಯ್ಯ, ಐವತ್ತರ್ ತಾವ ಒದ್ದಾಡೋರ್ ಯಾರಾದ್ರೂ ಇದ್ರೆ ಅವರಿಗೆ ಕೊಡ್ಸಣ ಅಂದ್ರು. ಬನ್ನೂರ್ ಕಡೆ ಹುಡ್ಗಿ, ಕವನ ಅಂತ. ಪಾಪ, ಐವತ್ತೊಂದಂತೆ."

"ಅಕ್ಕ? ಲೈನಲ್ಲಿದ್ದೀಯಾ?" ಅಂದ. ಒಲೆಯ ಮೇಲೆ ಹಾಲಿದೆ ಅಂತ ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ.


17 ನವೆಂಬರ್, ಸೋಮವಾರ, ಮಧ್ಯಾಹ್ನ

ಕಾರ್ತಿಕದ ಕಡೆಯ ಸೋಮವಾರ. ಒಪ್ಪತ್ತು. ನಾಲ್ಕು ದಿನದಿಂದ ಬರೆದಿಲ್ಲ.

ನಿನ್ನೆ ನಾಲ್ಕನೇ ಪೇಪರು. ಸರಿ 69, ತಪ್ಪು 51. ನಿಜವಾಗಿ ಐವತ್ತಾರೂ ಕಾಲು. ಅರವತ್ತೊಂಬತ್ತು ಅಂದೆ. ಕಡೆಯ ಸಲ, ಇನ್ನು ಸುಳ್ಳು ಹೇಳುವುದಿಲ್ಲ ಅಂತ ಹೇಳಿದೆ. ಅವಳಿಗಲ್ಲ, ನನಗೆ.

ಅಂಗಡಿಗೆ ಬುತ್ತಿ ಕೊಡಲು ಹೋದವಳು ಅಲ್ಲೇ ಕೂತು ಇವರಿಗೆ ಎಲ್ಲ ಹೇಳಿದೆ. ಹಿಂಡಿ ಮೂಟೆ ತಕ್ಕಡಿಗೆ ಏರಿಸುತ್ತಿದ್ದರು. ಗಿರಾಕಿ ಇರಲಿಲ್ಲ. ಕೇಳಿಸಿಕೊಂಡರು. ಮೊದಲು ನಗು ಬಂತು ಇವರಿಗೆ.

"ಚೀಲದ್ ತೂಕನೂ ಸೇರ್ಸಿ ಮಾರ್ಬುಟ್ಟಲ್ಲಮ್ಮಿ ನೀನು."

"ನಗ್ಬೇಡಿ."

"ನಾನು ಹಂಗ್ ಮಾರಿದ್ರೆ ನೀನೇ ಉಗೀತಿದ್ದೆ. ಮೂವತ್ ವರ್ಷ ಆಯ್ತು ಅಂಗಡಿ ಮಡಗಿ, ಒಂದಿನ ಚೀಲ ಬುಟ್ಟು ತೂಗ್ದೆ ಇದ್ದೀನಾ?" ಆಮೇಲೆ ನಗು ನಿಂತಿತು. "ಇದ್ನೆಲ್ಲ ನಂಬ್ಕಂಡು ದಿವ್ಯನ್ನ ಬ್ಯಾಡ ಅಂದ್ರಾ ಅವರು?"

"ಅಂದ್ರು."

"ಹೇಳ್ಬುಡು. ಇವತ್ತೇ ಹೇಳ್ಬುಡು. ಇನ್ನ ಇಪ್ಪತ್ ದಿನ ಐತೆ."

"ಅತ್ತುಬಿಟ್ರೆ? ಪರೀಕ್ಷೆನೇ ಬೇಡ ಅಂದ್ರೆ?"

"ಅಳ್ಳಿ. ಅಲ್ಲೋಗಿ ಅಳೋಕಿಂತ ಇಲ್ಲೇ ಅಳ್ಳಿ."

ಬುತ್ತಿ ಬಿಚ್ಚಿ ಉಣ್ಣಲು ಕೂತರು. ನನಗೆ ಒಪ್ಪತ್ತು ಅಂತ ಗೊತ್ತಿದ್ದೂ, ಒಂದು ತುತ್ತು ತಿನ್ನಮ್ಮಿ ಅಂದರು. ಬೇಡ ಅಂದೆ.

ಐದು ಗಂಟೆಯ ಬಸ್ಸಿಗೆ ಬರುತ್ತಾಳೆ.


18 ನವೆಂಬರ್, ಮಂಗಳವಾರ

ಹೇಳಿದೆ. ನಿನ್ನೆ ಬೆಳಕಿದ್ದಾಗಲೇ ಹೇಳಿದೆ. ನಾಲ್ಕು ಓಎಂಆರ್ ಹಾಳೆ, ನಾಲ್ಕು ರಟ್ಟು, ಹಿಂದೆ ಲೆಕ್ಕ ಬರೆದ ಡೇರಿ ಚೀಟಿಗಳು, ಎಲ್ಲ ಅಡುಗೆಮನೆಯ ನೆಲದ ಮೇಲೆ ಹರಡಿ ಕೂತಿದ್ದೆ. ಚೀಲ ಇಳಿಸಿ, "ಏನವ್ವ ಇದು, ಅಂಗಡಿ?" ಅಂತ ನಗುತ್ತಾ ಬಂದಳು.

ನಾನು ಹೇಳಿ ಮುಗಿಸಿದೆ. ಪೆನ್ನು ತೆಗೆದುಕೊಂಡಳು. ರಟ್ಟು ಇಟ್ಟು ನಾಲ್ಕನ್ನೂ ತಾನೇ ಎಣಿಸಿದಳು. ಅರ್ಧ ಗಂಟೆ ಆಯಿತು. ನಾನು ಹಾಗೇ ಕೂತಿದ್ದೆ. ಹಸು ಕೂಗುತ್ತಿತ್ತು.

"ಐವತ್ತೆರಡೂವರೆ," ಅಂದಳು. "ನೂರಿಪ್ಪತ್ತೂ ಬರ್ದೆ ಅಂತ ಕುಣಿದ್ನಲ್ಲ, ಆವತ್ತು."

"ದೀಪ ಹಚ್ಚಿದ ಮ್ಯಾಲೆ ಕಳೀಬಾರ್ದು ಅಂತ..."

"ಮೊದಲ್ನೇ ದಿನ ಅದು. ಮಿಕ್ಕಿದ್ ಮೂರು ವಾರ?"

ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿದೆ.

"ನಿನ್ ಮುಖ ನೋಡಿ ಹೇಳಕ್ಕಾಗ್ಲಿಲ್ಲ ಕಣವ್ವ," ಅಂದೆ. "ನೀನು ಹಾಡ್ಕೊಂಡ್ ಓದ್ತಿದ್ದೆ."

ಆಗ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಇದೇ ಥರ ಅಲ್ಲೂ ಹೋಗಿ ಬರ್ದು ಸೀಟ್ ಸಿಗ್ದೆ ಇದ್ದಿದ್ರೆ? ಮನೇಲಿ ಎಪ್ಪತ್ತು ಬರೋದು, ಅಲ್ಲಿ ಐವತ್ತಾಯ್ತು, ನಾನೇ ಹೆದರಿ ಹಾಳು ಮಾಡ್ಕೊಂಡೆ ಅಂತ ಸಾಯೋವರ್ಗೂ ನನ್ನೇ ಬೈಕೊಂಡು ಇರ್ತಿದ್ದೆ. ನಿಂಗದು ಪರ್ವಾಗಿಲ್ವಾ ಅವ್ವ?"

ಅಳಲಿಲ್ಲ. ಕೂಗಾಡಲಿಲ್ಲ. ಊಟ ಮಾಡಲಿಲ್ಲ.

ಬೆಳಿಗ್ಗೆ ಎದ್ದು ಬಟ್ಟೆ ಪುಸ್ತಕ ತುಂಬಿಕೊಂಡು ನರಸೀಪುರದ ಬಸ್ಸು ಹತ್ತಿದಳು. ಪರೀಕ್ಷೆ ಮುಗಿಯುವ ತನಕ ಮಾವನ ಮನೆಯಲ್ಲಿ ಇರುತ್ತಾಳಂತೆ. ಅಪ್ಪನಿಗೆ ಹೇಳಿದಳು. ಕಾಲೇಜಿಗೆ ರಜೆ ಬರೆಯಿಸಬೇಕು. ಇವರು ಬಸ್‌ ಸ್ಟಾಪಿನ ತನಕ ಚೀಲ ಹೊತ್ತರು. ನಾನು ಗೇಟಿನ ತನಕ ಹೋದೆ. ತಿರುಗಿ ನೋಡಲಿಲ್ಲ.


19 ನವೆಂಬರ್, ಬುಧವಾರ

ಅಮೃತೇಶನಿಗೆ ಫೋನ್ ಮಾಡಿದೆ. ಅವನಿಗೆ ಆಗಲೇ ಗೊತ್ತಾಗಿತ್ತು.

"ಅಕ್ಕ, ನಾನು ವಕೀಲರ್ ಮುಂದೆ ಎದೆ ಉಬ್ಬಿಸ್ಕೊಂಡು ಹೇಳಿದ್ನಲ್ಲಕ್ಕ!"

"ಇನ್ನೊಂದ್ಸಲ ಹೋಗಿ ಕೇಳ್ಲಾ."

"ಯಾವ್ ಮುಖ ಇಟ್ಕೊಂಡ್ ಕೇಳ್ಳಿ? ಕವನ ಬರಕ್ ಶುರು ಮಾಡಿ ಒಂದು ವಾರ ಆಯ್ತು. ನಂಗ್ ಆಗಲ್ಲ, ನೀನೇ ಬಂದ್ ಕೇಳು."

ಬೇಸರದಲ್ಲಿ ಅಂದದ್ದು. ಆದರೆ ಸರಿಯಾಗೇ ಅಂದ.


21 ನವೆಂಬರ್, ಶುಕ್ರವಾರ

ನರಸೀಪುರಕ್ಕೆ ಹೋಗಿ ಬಂದೆ. ಹಾಳೆ, ರಟ್ಟು ಎಲ್ಲ ಒಂದು ಬಟ್ಟೆ ಚೀಲದಲ್ಲಿ.

ವಕೀಲರ ಆಫೀಸಿಗೆ ಈ ಹಿಂದೆ ಹೋದವಳಲ್ಲ. ಮೆಟ್ಟಿಲ ಮೇಲೆಲ್ಲ ಜನ. ಗೋವಿಂದಯ್ಯನವರು ಕೋರ್ಟಿನಲ್ಲಿದ್ದರು. ದಿವ್ಯ ಇದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಕಪ್ಪು ಕೋಟು ಕುರ್ಚಿಗೆ ನೇತುಹಾಕಿ ಮೊಸರನ್ನ ತಿನ್ನುತ್ತಿದ್ದಳು. ಎದ್ದು ನಿಂತಳು. ಕೂತ್ಕೊಳ್ಳಿ ಅಮ್ಮ ಅಂದಳು. ನಿಂತೇ ಹೇಳಿದೆ. ಅರ್ಪಿತನ ತಾಯಿ ನಾನು, ಅರವತ್ತಾರು ಅಂದದ್ದು ಸುಳ್ಳು, ಅದು ಅವಳ ಸುಳ್ಳಲ್ಲ ನನ್ನದು.

ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, "ತೋರಿಸಿ" ಅಂದಳು.

ರಟ್ಟು ನೋಡಿ ಸ್ವಲ್ಪ ಹೊತ್ತು ಅದನ್ನೇ ತಿರುಗಿಸುತ್ತಿದ್ದಳು. "ಇದನ್ನ ನೀವೇ ಮಾಡಿದ್ರಾ?" ಅಂದಳು. ಆಮೇಲೆ ಹಾಳೆಗಳನ್ನು ಸಾಲಾಗಿ ಇಟ್ಟುಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದಳು. ಪತ್ರಿಕೆಯಲ್ಲಿ ಐದು ಭಾಗ ಇರುತ್ತದಂತೆ. ಅದರಲ್ಲಿ ಕಾನೂನಿನ ಭಾಗ ಒಂದು.

"ಇಲ್ಲಿ ನೋಡಿ ಅಮ್ಮ. ಮೊದಲ್ನೇ ವಾರ ಲೀಗಲ್‌ನಲ್ಲಿ ನಾಲ್ಕೇ ತಪ್ಪು. ಮೂರನೇ ವಾರ ಹದಿಮೂರು. ಅವಳಿಗೆ ಬರೋ ಭಾಗಾನೇ ಹಾಳಾಗಿದೆ. ಗೊತ್ತಿರೋದನ್ನೂ ಓಡಿ ಓಡಿ ತಪ್ಪು ಮಾಡಿದ್ದಾಳೆ. ಎಲ್ಲಾ ಮುಗಿಸ್ಬೇಕು ಅಂತ."

"ಓಡ್ಸಿದ್ದು ನಾನೇ," ಅಂದೆ.

ಅಲ್ಲ ಅನ್ನಲಿಲ್ಲ ಅವಳು. ಅದು ನನಗೆ ಹಿಡಿಸಿತು. ಸುಮ್ಮನೆ ಸಮಾಧಾನ ಹೇಳುವವಳಲ್ಲ.

"ಇಬ್ಬರನ್ನ ಕೂರಿಸ್ಕೋಬಹುದು. ಕವನಾಗೂ ಜೊತೆ ಆಗುತ್ತೆ. ಆದ್ರೆ ನೀವ್ ಕೇಳಿದ್ರೆ ಸಾಲ್ದು ಅಮ್ಮ. ಅವಳು ಬಂದು ಕೇಳ್ಳಿ. ನನ್ ಮಾರ್ಕ್ಸ್ ಇಷ್ಟು, ನಂಗ್ ಹೇಳ್ಕೊಡಿ ಅಂತ ಅವಳ ಬಾಯಲ್ಲೇ ಬರ್ಲಿ. ಈಗ ಅವಳಿಗೆ ಯಾವ ನಂಬರ್ ನಂಬೋದು ಅಂತಾನೇ ಗೊತ್ತಿರಲ್ಲ."

ತಮ್ಮನ ಮನೆಗೆ ಹೋದೆ. ಮಗಳು ಮಹಡಿಯ ಕೋಣೆಯಲ್ಲಿದ್ದಳು. ಬಾಗಿಲು ಹಾಕಿತ್ತು. ಓದ್ತಿದ್ದೀನಿ ಅಂತ ಒಳಗಿಂದಲೇ ಅಂದಳು. ಅಮೃತೇಶ್ ಬಾಗಿಲು ಬಡಿಯಲು ಹೋದ. ಬೇಡ ಅಂದೆ. ದಿವ್ಯ ಹೇಳಿದ್ದನ್ನು ಅವನಿಗೆ ತಿಳಿಸಿ, ಅವಳಿಗೆ ಹೇಳಿಬಿಡು ಅಂದೆ. ತಂದಿದ್ದ ಹುರಿಗಡಲೆ ಉಂಡೆ ಕೊಟ್ಟು ನಾಲ್ಕು ಗಂಟೆಯ ಬಸ್ಸು ಹತ್ತಿದೆ.


27 ನವೆಂಬರ್, ಗುರುವಾರ

ಶನಿವಾರವೇ ಹೋಗಿ ಕೇಳಿದಳಂತೆ. ದಿನಾ ಸಂಜೆ ಐದೂವರೆಯಿಂದ ಏಳೂವರೆ. ಅಮೃತೇಶ್ ಹೇಳಿದ. ನನಗೆ ಹೇಳಲಿಲ್ಲ ಅವಳು.

ಫೋನ್ ಮಾಡುತ್ತಾಳೆ, ಅಪ್ಪನಿಗೆ. ಇವರು ಸ್ಪೀಕರಿಗೆ ಹಾಕುತ್ತಾರೆ, ನಾನು ಕೇಳಿಸಿಕೊಳ್ಳಲಿ ಅಂತ. ಅವಳಿಗೆ ಗೊತ್ತಾಗುತ್ತದೆ ಅನ್ನಿಸುತ್ತದೆ. ಮಾತು ಸಣ್ಣದಾಗುತ್ತದೆ. ನಿನ್ನೆ ಇವರು, "ನಿಮ್ಮವ್ವ ಇಲ್ಲೇ ಅವಳೆ, ಕೊಡ್ಲಾ?" ಅಂದರು. "ಕ್ಲಾಸಿಗೆ ಹೊತ್ತಾಯ್ತು ಅಪ್ಪ" ಅಂದಳು. ಬೆಳಿಗ್ಗೆ ಎಂಟು ಗಂಟೆ ಆಗ.

"ಉಣ್ತಾವ್ಳೆ, ಓದ್ತಾವ್ಳೆ. ಇನ್ನೇನ್ ಬೇಕು ನಿಂಗೆ?" ಅಂದರು ಇವರು.

ಹೌದು. ನನಗೆ ಬೇಕಿದ್ದದ್ದೂ ಅಷ್ಟೇ.

ಭಾನುವಾರ ಎರಡು ಗಂಟೆಗೆ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು. ನಾಲ್ಕಕ್ಕೂ ಹೋಯಿತು. ಒಳಕೋಣೆ ಗುಡಿಸಿ ಬಂದೆ.


1 ಡಿಸೆಂಬರ್, ಸೋಮವಾರ

ಹನ್ನೊಂದು ಗಂಟೆಗೆ ಶಿವರಾಜು ಆಟೋ ನಿಲ್ಲಿಸಿ ಕೂಗಿದ. "ಅಕ್ಕೋ, ನಿಮ್ಗೊಂದ್ ಕವರ್ ಐತೆ ಬನ್ನಿ."

ಅಂಗಡಿಗೆ ಬಂದ ಬಿಲ್ಲಿರಬೇಕು ಅಂದುಕೊಂಡೆ. ಬಿಚ್ಚಿದರೆ ಓಎಂಆರ್ ಹಾಳೆ. ನಿನ್ನೆ ಬರೆದದ್ದು. ಜೊತೆಗೆ ಮಡಿಸಿ ಅಂಟಿಸಿದ ಕೀ ಆನ್ಸರ್, ಬಿಚ್ಚಿದ ಗುರುತಿಲ್ಲ. ಕಾಗದ ಇರಲಿಲ್ಲ. ಕವರಿನೊಳಗೆ ಎರಡು ಸಲ ಕೈ ಹಾಕಿ ನೋಡಿದೆ. ಅವಳ ಅಕ್ಷರದಲ್ಲಿ ಹೊರಗೆ "ಅವ್ವನಿಗೆ" ಅಂತ ಇತ್ತು, ಅಷ್ಟೇ.

ಅಲ್ಲಿ ದಿವ್ಯ ಇದ್ದಾಳೆ. ಅಮೃತೇಶ್ ಇದ್ದಾನೆ. ಇಬ್ಬರೂ ನನಗಿಂತ ಚೆನ್ನಾಗಿ ತಿದ್ದುತ್ತಾರೆ. ಅವರಿಗೆ ಕೊಡದೆ ಇಲ್ಲಿಗೆ ಕಳಿಸಿದ್ದಾಳೆ.

ಒಲೆ ಆರಿಸಿದೆ. ಹೊಸ ರಟ್ಟು ಮಾಡಿದೆ. ಎರಡು ತೂತು ತಪ್ಪಿತು, ಬೇರೆ ರಟ್ಟು ತೆಗೆದುಕೊಂಡೆ. ಜಗಲಿಯ ಬಿಸಿಲಿನಲ್ಲೇ ಕೂತು ತಿದ್ದಿದೆ.

ಸರಿ 67. ತಪ್ಪು 16. ಬಿಟ್ಟದ್ದು 37.

ಕಳೆಯಬೇಕಾದ್ದು ನಾಲ್ಕು. ಉಳಿದದ್ದು 63. ಕಾನೂನಿನ ಭಾಗದಲ್ಲಿ ಮೂರೇ ತಪ್ಪು.

ನಾಲ್ಕು ಸಲ ಎಣಿಸಿದೆ. ಕಡೆಯ ಸಲ ಪುಟ್ಟಗೌರಮ್ಮನನ್ನು ಕರೆದು ಅವಳ ಕೈಲೂ ಎಣಿಕೆ ಮಾಡಿಸಿದೆ. "ಇದೇನ್ ಅಕ್ಕ, ಬೀಡಿ ಎಲೆ ಲೆಕ್ಕವಾ?" ಅಂದಳು. ಅವಳದೂ ಅಷ್ಟೇ ಬಂತು.

ಅರವತ್ತಮೂರು ಸಾಕೋ ಸಾಲದೋ ನನಗೆ ಗೊತ್ತಿಲ್ಲ. ಗೋವಿಂದಯ್ಯನವರಿಗೂ ಗೊತ್ತಿಲ್ಲವಂತೆ, ಪ್ರತಿ ವರ್ಷ ಒಂದೊಂದು ಥರ ಅಂದರಂತೆ. ನಿಜವಾಗಿ ಬಂದದ್ದು ಅರವತ್ತಮೂರು. ಅಷ್ಟನ್ನು ಒಂದು ಹಾಳೆಯಲ್ಲಿ ಬರೆದೆ. ಸರಿ, ತಪ್ಪು, ಬಿಟ್ಟದ್ದು, ಕಳೆದದ್ದು, ಉಳಿದದ್ದು. ಕೆಳಗೆ ಏನಾದರೂ ಬರೆಯೋಣ ಅಂತ ಪೆನ್ನು ಹಿಡಿದು ಕೂತೆ. ಚೆನ್ನಾಗಿ ಬರೆದಿದ್ದೀಯ ಅನ್ನಬೇಕು ಅನ್ನಿಸಿತು. ನನ್ನ ಹೊಗಳಿಕೆ ಈಗ ಅವಳಿಗೆ ಬೇಡ. ಬರೆಯಲಿಲ್ಲ. ಶಿವರಾಜು ಮೂಟೆ ಇಳಿಸಿ ಹೊರಡುವ ಹೊತ್ತಿಗೆ ಕೊಟ್ಟೆ.


2 ಡಿಸೆಂಬರ್, ಮಂಗಳವಾರ

"ಏನಂದ್ಲು ಶಿವರಾಜು?"

"ಕವರ್ ಕೊಟ್ಟೆ ಕನಕ್ಕ. ಇಸ್ಕಂಡ್ಲು."

"ಆಮೇಲೆ?"

"ಆಮೇಲೆ ಬಾಗ್ಲಾಕಂಡ್ಲು."

"ನೀನ್ ಏನೂ ಕೇಳ್ಲಿಲ್ವಾ?"

"ನಾನೇನ್ ಕೇಳನಕ್ಕ, ಪೋಸ್ಟ್‌ಮ್ಯಾನ್ ಕಾಗ್ದ ಕೊಟ್ಬುಟ್ಟು ಏನ್ ಬರ್ದವ್ರೆ ಅಂತ ಕೇಳ್ತಾನಾ?"

ನ್ಯಾಯವೇ. ಎರಡು ದೋಸೆ ಕೊಟ್ಟೆ, ತಿಂದು ಹೋದ.


4 ಡಿಸೆಂಬರ್, ಗುರುವಾರ, ಬೆಳಿಗ್ಗೆ

ಹುಣ್ಣಿಮೆ. ಹೊಸ್ತಿಲು ತೊಳೆದು ಪೂಜೆ ಮಾಡಿದೆ. ಹಾಲು ಐದು ಲೀಟರ್.

ನಾಡಿದ್ದು ಶನಿವಾರ ಸಂಜೆ ಇವರು ನರಸೀಪುರಕ್ಕೆ ಹೋಗಿ ಉಳಿದು, ಭಾನುವಾರ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಾರಂತೆ. ಹಾಲ್ ಟಿಕೆಟ್ ಅಮೃತೇಶ್ ಪ್ರಿಂಟ್ ತೆಗೆದು ಇಟ್ಟಿದ್ದಾನೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಇವರನ್ನು ಕೇಳಿದೆ, ನಾನೂ ಬರಲಾ ಅಂತ.

"ನನ್ ಕೇಳ್ತೀಯಲ್ಲ, ಪರೀಕ್ಷೆ ಬರ್ಯೋಳು ನಾನಾ? ಅವಳ್ನ ಕೇಳು."

"ಫೋನಿಗ್ ಬರಲ್ವಲ್ಲ ಅವಳು."

"ಕವರಿಗ್ ಬತ್ತಾಳಲ್ಲ."

ಹೇಳದೆ ಹೋಗಿ ಗೇಟಿನ ಹತ್ತಿರ ನಿಂತುಬಿಡಬಹುದು. ತಾಯಿ ಬಂದರೆ ಬೇಡ ಅನ್ನುತ್ತಾಳಾ? ಆದರೆ ಒಳಗೆ ಹೋಗುವ ಹೊತ್ತಿಗೆ ನನ್ನ ಮುಖ ಕಂಡು ಮನಸ್ಸು ಕದಡಿದರೆ? ಅವಳಿಗೆ ಯಾವುದು ಒಳ್ಳೆಯದು ಅಂತ ನಾನೇ ತೀರ್ಮಾನ ಮಾಡಿದ್ದು ಸಾಕು. ಬೇಡ ಅಂದರೆ ಹೋಗುವುದಿಲ್ಲ. ಇಲ್ಲೇ ಎರಡರಿಂದ ನಾಲ್ಕು ಕೂತಿರುತ್ತೇನೆ.

ಐದು ಹಾಳೆ ಹರಿದೆ. ಕಡೆಗೆ ಇಷ್ಟು ಬರೆದೆ — ಅರ್ಪಿತ, ಭಾನುವಾರ ಮೈಸೂರಿಗೆ ನಾನೂ ಬರಲಾ? ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಬೇಜಾರಿಲ್ಲ. ಇದ್ದದ್ದು ಇದ್ದ ಹಾಗೆ ಹೇಳು.

ಬೇಜಾರಿಲ್ಲ ಅನ್ನುವುದು ಸುಳ್ಳು. ಹೊಡೆದುಹಾಕಿದೆ. ಬೇಜಾರಾಗುತ್ತದೆ, ಆದರೂ ಬರುವುದಿಲ್ಲ ಅಂತ ಮೇಲೆ ಬರೆದೆ.

ಹತ್ತು ಗಂಟೆ. ಶಿವರಾಜು ಖಾಲಿ ಚೀಲ ತುಂಬಿಕೊಂಡು ಗೇಟಿನಲ್ಲಿ ಹಾರ್ನ್ ಹೊಡೆದ. ಓಡಿ ಹೋಗಿ ಚೀಟಿ ಕೈಗಿಟ್ಟೆ. ಮೊನ್ನೆಯ ಹಾಗೆ ಕೊಟ್ಟು ಬಂದುಬಿಡಬೇಡ ಅಂದೆ. ಆಯ್ತಕ್ಕ ಅಂದ. ಅರ್ಧ ಮನಸ್ಸಿನ ಆಯ್ತಕ್ಕ ಅದು. ಇನ್ನೂ ತಿರುವಿಗೆ ಹೋಗಿಲ್ಲ. ಪುಟ್ಟಗೌರಮ್ಮನ ಮನೆ ಮುಂದೆ ಯಾರನ್ನೋ ಹತ್ತಿಸಿಕೊಳ್ಳುತ್ತಿದ್ದಾನೆ. ಕಿಟಕಿಯಿಂದಲೇ ಇನ್ನೊಂದು ಸಲ ಕೂಗಿ ಹೇಳುತ್ತೇನೆ — ಶಿವರಾಜು, ಅವಳು ಬಾಗ್ಲಾಕಂಡ್ರೆ ಅಲ್ಲೇ ಮೆಟ್ಲ್ ಮೇಲೆ ಕೂತಿರು ಕಣಪ್ಪ, ಹೊತ್ತಾದ್ರೂ ಪರ್ವಾಗಿಲ್ಲ, ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ, ಅವಳು ಏನ್ ಹೇಳ್ತಾಳೋ ಅದನ್ನ ಇಸ್ಕಂಡೇ ಬಾ.